ಬೆಟ್ಟ-ತೋಟಕ್ಕೆ ಮಿನಿ ಟ್ರ್ಯಾಕ್ಟರ್: ದಣಪೆ ಅಳೆಯುವುದರಿಂದ ಮೊದಲ ಮಳೆಗಾಲದವರೆಗೆ

ಟ್ರ್ಯಾಕ್ಟರ್ ಮನೆಗೆ ಬಂದ ದಿನ ಅದಕ್ಕೆ ಕಟ್ಟಿದ್ದ ಟ್ರೇಲರ್ ನಮ್ಮ ದಣಪೆಯ ಹೊರಗೇ ನಿಂತಿತು. ಎಂಜಿನ್ನಿನ ಶಕ್ತಿ, ಲಿಫ್ಟ್ ಎತ್ತುವ ತೂಕ, ಸಾಲದ ಬಡ್ಡಿ ಎಲ್ಲವನ್ನೂ ಮೂರು ತಿಂಗಳು ಲೆಕ್ಕ ಹಾಕಿದ್ದ ನಾನು ನಮ್ಮದೇ ಬೇಲಿಯ ಬಾಯಿ ಎಷ್ಟು ಅಗಲವಿದೆ ಎಂದು ಅಳೆದಿರಲಿಲ್ಲ. ಕಲ್ಲುಕಂಬ ಕಿತ್ತು ಒಳಗೆ ತಂದದ್ದಾಯಿತು. ಅಲ್ಲಿಂದ ನೂರು ಹೆಜ್ಜೆ ಮುಂದೆ ಹಳ್ಳದ ಸಂಕ, ಅದನ್ನೂ ಅಳೆದಿರಲಿಲ್ಲ.

ಶಿರಸಿ, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಹತ್ತಾರು ವರ್ಷ ಕತ್ತಿ ಬೀಳದೆ ಕಾಡಾಗಿರುವ ಜಮೀನುಗಳು ಬೇಕಾದಷ್ಟಿವೆ. ಪಟ್ಟಣದಿಂದ ಮರಳಿದವರು, ಕೂಲಿಯಾಳು ಸಿಗದೆ ಸೋತವರು ಈಗ ಮಿನಿ ಟ್ರ್ಯಾಕ್ಟರಿನ ಕಡೆ ನೋಡುತ್ತಿದ್ದಾರೆ. ಅಂಗಡಿಗೆ ಹೋದೊಡನೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ 'ಎಷ್ಟು ಎಚ್‌ಪಿ?' ನನ್ನ ಅನುಭವದಲ್ಲಿ ಅದು ಕೊನೆಯ ಪ್ರಶ್ನೆ. ಮರಗಿಡಗಳ ನಡುವೆ ಓಡುವ ಯಂತ್ರಕ್ಕೆ ಅಗಲ, ಇಳಿಜಾರು, ಹಿಂದೆ ಕಟ್ಟುವ ಸಲಕರಣೆ, ಈ ಮೂರು ಗೊತ್ತಾದರೆ ಎಚ್‌ಪಿ ತಾನಾಗಿ ಗೊತ್ತಾಗುತ್ತದೆ. ಮೂರು-ನಾಲ್ಕು ಎಕರೆಗಿಂತ ಕಡಿಮೆ ಇರುವವರು ಇದನ್ನು ಓದಿ ಮುಗಿಸಿ ಒಂದು ಒಳ್ಳೆಯ ಕಳೆ ಕೊಚ್ಚುವ ಯಂತ್ರವನ್ನೋ ಪವರ್ ಟಿಲ್ಲರನ್ನೋ ಕೊಂಡುಕೊಂಡರೆ ನನಗೇನೂ ಬೇಸರವಿಲ್ಲ.

ಮೊದಲು ಪಹಣಿ ತೆಗೆಯಿರಿ

ಕಾಡು ಸವರುವ ಮುನ್ನ ಆ ಕಾಡು ಯಾರದು ಎಂದು ನೋಡಬೇಕು. ನಮ್ಮಲ್ಲಿ 'ನಮ್ಮ ಬೆಟ್ಟ' ಎಂದು ಬಾಯಿತುಂಬ ಹೇಳುವ ಜಾಗ ಕಾಗದದಲ್ಲಿ ಸೊಪ್ಪಿನ ಬೆಟ್ಟವಾಗಿರುತ್ತದೆ. ಸೊಪ್ಪು, ತರಗು ತರುವ ಸೌಲಭ್ಯ ನಮ್ಮದು, ನೆಲ ಸರ್ಕಾರದ್ದು. ಕರಾವಳಿಯ ಕುಮ್ಕಿ ಜಮೀನಿನ ಸಂಗತಿಯೂ ಹೆಚ್ಚುಕಡಿಮೆ ಹೀಗೆಯೇ. ಇಂಥಲ್ಲಿ ಯಂತ್ರ ಇಳಿಸಿ ನೆಲ ಕೆದಕಿದರೆ ಅರಣ್ಯ ಇಲಾಖೆಯ ಪ್ರಕರಣವೇ ಮೊದಲ ಫಸಲು. ಪಹಣಿಯ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗದ, ಕಾಲಂ ಓದಿ, ಅನುಮಾನವಿದ್ದರೆ ಸರ್ವೆ ಮಾಡಿಸಿ ಗಡಿಗೆ ಕಲ್ಲು ಹಾಕಿಸಿ.

ಸ್ವಂತ ಹಿಡುವಳಿಯಲ್ಲೂ ಮರ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅಡಿಯಲ್ಲಿ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ಗ್ಲಿರಿಸಿಡಿಯಾ, ಸುಬಾಬುಲ್, ರಬ್ಬರಿನಂಥ ಕೆಲವಕ್ಕೆ ವಿನಾಯಿತಿ ಇದೆ. ಬೀಟೆ, ತೇಗ, ಹೊನ್ನೆ, ಶ್ರೀಗಂಧದ ಸಸಿ ಪೊದೆಯೊಳಗೆ ತಾನಾಗಿ ಹುಟ್ಟಿರುತ್ತದೆ. ಸವರುವ ಮೊದಲೇ ಅವನ್ನು ಹುಡುಕಿ ಕೆಂಪು ಬಟ್ಟೆ ಕಟ್ಟಿಬಿಡಿ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಪೊದೆ ಕೊಚ್ಚುವ ಸ್ಲಾಷರಿಗೆ ಬೀಟೆಯೂ ಒಂದೇ, ಲಂಟಾನವೂ ಒಂದೇ.

ಟೇಪು ಹಿಡಿದು ಒಂದು ದಿನ ನಡೆಯಿರಿ

ಮನೆಯಿಂದ ಜಮೀನಿನ ಕೊನೆಯ ಮೂಲೆಯವರೆಗೆ ಯಂತ್ರ ಸಾಗಬೇಕಾದ ದಾರಿಯಲ್ಲೇ ನಡೆಯಿರಿ. ದಣಪೆಯ ಅಗಲ, ಸಂಕದ ಅಗಲ ಮತ್ತು ಅದರ ಕೆಳಗಿನ ಮರ ಎಷ್ಟು ಹಳೆಯದು, ಎರಡು ಕಡಿದಾದ ಮಣ್ಣಿನ ದರೆಗಳ ನಡುವಿನ ಕಿರಿದಾದ ಜಾಗ, ತಿರುವು, ತಲೆ ಮಟ್ಟದಲ್ಲಿ ಬಾಗಿದ ಕೊಂಬೆ, ಎಲ್ಲವನ್ನೂ ಬರೆದುಕೊಳ್ಳಿ. ಚಿಕ್ಕ ಟ್ರ್ಯಾಕ್ಟರುಗಳ ತೂಕ ಸುಮಾರು 600ರಿಂದ 1100 ಕಿಲೋ. ಅದಕ್ಕೆ ಸಲಕರಣೆ, ಗೊಬ್ಬರ ತುಂಬಿದ ಟ್ರೇಲರ್ ಸೇರಿದರೆ ಎರಡು ಟನ್ ದಾಟುತ್ತದೆ. ಮನುಷ್ಯರು ದಾಟಲು ಅಡಿಕೆ ದಬ್ಬೆ ಹಾಸಿದ ಸಂಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಾನು ಕೊನೆಗೆ ಸಿಮೆಂಟ್ ಪೈಪು ಹಾಕಿಸಿ ಮೇಲೆ ಜಂಬಿಟ್ಟಿಗೆ ತುಂಬಿಸಬೇಕಾಯಿತು. ಆ ಖರ್ಚು ಟ್ರ್ಯಾಕ್ಟರಿನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಅಡಿಕೆ ತೋಟದೊಳಗೂ ಓಡಿಸುವ ಆಸೆಯಿದ್ದರೆ ಸಾಲುಗಳನ್ನು ಅಳೆಯಿರಿ. ಶಿಫಾರಸಿನ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಅಜ್ಜನ ಕಾಲದ ತೋಟದಲ್ಲಿ ಅಷ್ಟು ಇರುವುದಿಲ್ಲ, ನಡುವೆ ಬಸಿಗಾಲುವೆಯೂ ಇರುತ್ತದೆ. ಅಂಥ ತೋಟಕ್ಕೆ ಯಾವ ಟ್ರ್ಯಾಕ್ಟರೂ ಬೇಡ. ಹೊರಗಿನ ಹುಲ್ಲಿನ ಬೇಣ, ಬೆಟ್ಟ, ರಸ್ತೆ, ಹೊಸ ತೋಟದ ಸಾಲುಗಳಿಗಷ್ಟೇ ಲೆಕ್ಕ ಹಾಕಿ.

ಇಳಿಜಾರು ಅಳೆಯಲು ಹತ್ತು ಅಡಿಯ ನೇರ ಬಿದಿರು ಮತ್ತು ಗಾರೆ ಕೆಲಸದವರ ರಸಮಟ್ಟ ಸಾಕು. ಬಿದಿರಿನ ಒಂದು ತುದಿಯನ್ನು ಮೇಲಿನ ನೆಲಕ್ಕೆ ಊರಿ, ಇನ್ನೊಂದು ತುದಿಯನ್ನು ಇಳಿಜಾರಿನ ಕಡೆ ಚಾಚಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಎತ್ತಿ ಹಿಡಿಯಿರಿ. ಆ ತುದಿಯಿಂದ ನೆಲಕ್ಕೆ ಎರಡೂವರೆ ಅಡಿಗಿಂತ ಹೆಚ್ಚಿದ್ದರೆ ಇಳಿಜಾರು ಸುಮಾರು 14 ಡಿಗ್ರಿ ದಾಟಿತು ಎಂದು ಅರ್ಥ. ನಾನು ಅಂಥ ಜಾಗಕ್ಕೆ ಟ್ರ್ಯಾಕ್ಟರ್ ಇಳಿಸುವುದಿಲ್ಲ. ಅಲ್ಲಿ ಕತ್ತಿಯೇ ಸರಿ, ಇಲ್ಲವೇ ಹೆಗಲಿಗೆ ಹಾಕುವ ಕಳೆಯಂತ್ರ. ನಮ್ಮ ಎಂಟು ಎಕರೆಯಲ್ಲಿ ಹೀಗೆ ಅಳೆದಾಗ ಯಂತ್ರ ಓಡುವ ಜಾಗ ಐದೂವರೆಗೆ ಇಳಿಯಿತು. ಕೊಳ್ಳುವುದೋ ಬೇಡವೋ ಎಂದು ನಿರ್ಧರಿಸಬೇಕಾದದ್ದು ಈ ಎರಡನೆಯ ಸಂಖ್ಯೆಯ ಮೇಲೆ.

ಯಾವುದು ಟ್ರ್ಯಾಕ್ಟರಿನ ಕೆಲಸವಲ್ಲ

ಬುಡ ಕೀಳುವುದು ಟ್ರ್ಯಾಕ್ಟರಿನ ಕೆಲಸವಲ್ಲ. ಮರದ ಮೋಟಿಗೆ ಸರಪಳಿ ಕಟ್ಟಿ ಎಳೆಯುವಾಗ ಬುಡ ಅಲ್ಲಾಡದಿದ್ದರೆ ಹಿಂದಿನ ಚಕ್ರ ನಿಲ್ಲುತ್ತದೆ, ಎಂಜಿನ್ ನಿಲ್ಲುವುದಿಲ್ಲ. ಆ ಬಲ ಹಿಂದಿನ ಅಚ್ಚಿನ ಸುತ್ತ ಇಡೀ ಟ್ರ್ಯಾಕ್ಟರಿನ ಮೂತಿಯನ್ನು ಮೇಲೆತ್ತಿ ಚಾಲಕನ ಮೇಲೆ ಮಗುಚುತ್ತದೆ. ಇದಕ್ಕೆ ಎರಡು ಸೆಕೆಂಡೂ ಬೇಡ. ಕ್ಲಚ್ ತುಳಿಯಬೇಕೆಂದು ತಲೆಗೆ ಹೊಳೆಯುವುದರೊಳಗೆ ಮುಗಿದಿರುತ್ತದೆ. ಸರಪಳಿಯನ್ನು ಸಲಕರಣೆ ಹಿಡಿಯುವ ಮೇಲಿನ ತೋಳಿಗೋ (ಟಾಪ್ ಲಿಂಕ್) ಅಚ್ಚಿಗಿಂತ ಎತ್ತರದ ಇನ್ನಾವುದಕ್ಕೋ ಕಟ್ಟಿದರಂತೂ ಸಾವನ್ನು ಕರೆದು ಕೂರಿಸಿದಂತೆ. ಕಡಿದು ಬಿದ್ದ ದಿಮ್ಮಿಯನ್ನು ಎಳೆಯಬಹುದು, ಆದರೆ ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೇ, ಅಂದರೆ ಡ್ರಾಬಾರಿಗೇ, ಕಟ್ಟಿ, ಕಡಿಮೆ ಗೇರಿನಲ್ಲಿ.

ಬುಡ ಕೀಳಲು ಜೆಸಿಬಿಯನ್ನೋ ಹಿಟಾಚಿಯನ್ನೋ ಎರಡು ದಿನಕ್ಕೆ ಬಾಡಿಗೆಗೆ ಕರೆಸಿ. ಬಾಡಿಗೆ ಗಂಟೆಯ ಲೆಕ್ಕ, ಆದ್ದರಿಂದ ಕೀಳಬೇಕಾದ ಬುಡಗಳಿಗೆಲ್ಲ ಮೊದಲೇ ಸುಣ್ಣ ಬಳಿದಿಡಿ. ನಮ್ಮಲ್ಲಿಗೆ ಬಂದ ಜೆಸಿಬಿ ಹುಡುಗ ಸುಣ್ಣದ ಗುರುತು ನೋಡಿ, 'ಎಲ್ಲರೂ ಹೀಗೆ ಮಾಡಿದರೆ ನಮಗೆ ದುಡಿಮೆಯೇ ಇಲ್ಲ ಹೆಗಡೆಯವರೇ' ಎಂದು ನಕ್ಕ. ಅದೇ ಯಂತ್ರದಿಂದ ಓಡಾಟದ ದಾರಿ, ಟ್ರ್ಯಾಕ್ಟರ್ ತಿರುಗಿಸಲು ಅಲ್ಲಲ್ಲಿ ಸಮತಟ್ಟಾದ ಜಾಗ, ನೀರು ಹರಿದು ಹೋಗಲು ಅಗಳು ಮಾಡಿಸಿಕೊಳ್ಳಿ. ಆಮೇಲೆ ವರ್ಷ ವರ್ಷ ಬರುವ ಕೆಲಸ, ಅಂದರೆ ಸವರುವುದು, ಸಾಗಿಸುವುದು, ದಾರಿ ಕಾಯುವುದು, ಔಷಧಿ ಹೊಡೆಯುವುದು, ಗುಂಡಿ ತೆಗೆಯುವುದು, ಟ್ರ್ಯಾಕ್ಟರಿನದು.

ಸಲಕರಣೆ ಮೊದಲು, ಟ್ರ್ಯಾಕ್ಟರ್ ಆಮೇಲೆ

ನಮ್ಮಂಥ ಜಮೀನಿಗೆ ಮೊದಲ ಸಲಕರಣೆ ಸ್ಲಾಷರ್. ದಪ್ಪ ಉಕ್ಕಿನ ಚಪ್ಪರದ ಕೆಳಗೆ ಎರಡು ಅಲಗುಗಳು ತಿರುಗಿ ಹುಲ್ಲು, ಕಮ್ಯುನಿಸ್ಟ್ ಗಿಡವೆಂದು ಕರೆಯುವ ಕಳೆ, ಹೆಬ್ಬೆರಳು ದಪ್ಪದ ಕಂಟಿಯನ್ನು ಕೊಚ್ಚುತ್ತವೆ. ಅದರ ಅಗಲ ಟ್ರ್ಯಾಕ್ಟರಿನ ಹಿಂಗಾಲಿಗಿಂತ ತುಸು ಹೆಚ್ಚಿರಬೇಕು. ಕಡಿಮೆಯಾದರೆ ಚಕ್ರ ತುಳಿದ ಗಿಡ ಕೊಚ್ಚದೆ ಮಲಗಿ, ವಾರದಲ್ಲಿ ಮತ್ತೆ ಏಳುತ್ತದೆ. 20-24 ಎಚ್‌ಪಿಗೆ ನಾಲ್ಕು ಅಡಿ ಹೊಂದುತ್ತದೆ. ಕೊಳ್ಳುವಾಗ ಎರಡು ಕೇಳಿ. ಒಂದು, ಅಲಗು ಬೋಲ್ಟಿನ ಮೇಲೆ ಹಿಂದಕ್ಕೆ ಮಡಚುತ್ತದೆಯೇ? ಕಲ್ಲಿಗೆ ಬಡಿದಾಗ ಮಡಚದಿದ್ದರೆ ಪೆಟ್ಟೆಲ್ಲ ಗೇರ್‌ಬಾಕ್ಸಿಗೆ. ಎರಡು, ಶಾಫ್ಟಿನಲ್ಲಿ ಭಾರ ಮೀರಿದಾಗ ತಾನೇ ಕತ್ತರಿಸಿಹೋಗುವ ಬೋಲ್ಟೋ ಜಾರುವ ಕ್ಲಚ್ಚೋ ಇದೆಯೇ? ಬೋಲ್ಟ್ ಇದ್ದರೆ ಹತ್ತು ಬೋಲ್ಟ್ ಜೇಬಿನಲ್ಲಿರಲಿ, ಕಂಪನಿ ಹೇಳಿದ ಗಟ್ಟಿತನದವೇ ಆಗಿರಲಿ. ಪೇಟೆಯಿಂದ ಇನ್ನೂ ಗಟ್ಟಿ ಬೋಲ್ಟ್ ತಂದು ಹಾಕಿ ಜಾಣರಾದವರ ಗೇರ್‌ಬಾಕ್ಸ್ ಬಿಚ್ಚಿದ್ದನ್ನು ನೋಡಿದ್ದೇನೆ.

ಮಲ್ಚರ್ ಇನ್ನೂ ನುಣ್ಣಗೆ ಪುಡಿ ಮಾಡುತ್ತದೆ, ಆದರೆ ಬೆಲೆ ಹೆಚ್ಚು, ಹೆಚ್ಚು ಶಕ್ತಿ ಬೇಡುತ್ತದೆ, ಕಲ್ಲು ಕಂಡರೆ ಆಗುವುದಿಲ್ಲ. ಮಣ್ಣು ಕೆದಕಿ ಪುಡಿ ಮಾಡುವ ರೋಟವೇಟರ್ ಅಂಗಡಿಯವರು ಜೊತೆಗೇ ತಳ್ಳುವ ಸಲಕರಣೆ. ಅಡಿಕೆಯ ಉಣ್ಣುವ ಬೇರು ಬಹುಪಾಲು ಬುಡದ ಹತ್ತಿರ, ಮೇಲ್ಮಣ್ಣಿನಲ್ಲೇ ಇರುತ್ತದೆ. ಅಲ್ಲಿ ರೋಟವೇಟರ್ ಓಡಿಸುವುದು ಮರದ ಬಾಯಿ ಕೊಯ್ದಂತೆ. ಇಳಿಜಾರಿನಲ್ಲಿ ಸಡಿಲ ಮಾಡಿದ ಮಣ್ಣು ಜೂನ್ ಮುಗಿಯುವುದರೊಳಗೆ ಹಳ್ಳ ಸೇರಿರುತ್ತದೆ. ಗದ್ದೆಯಿದ್ದರೆ ಕೊಳ್ಳಿ, ಇಲ್ಲದಿದ್ದರೆ ಆ ದುಡ್ಡಿನಲ್ಲಿ ಹಿಂದಕ್ಕೆ ಮಗುಚುವ ಸಣ್ಣ ಟ್ರೇಲರ್ ಕೊಳ್ಳಿ. ದಾರಿ ಸಮ ಮಾಡಲು, ಬೇಸಿಗೆಯಲ್ಲಿ ಬೆಂಕಿರೇಖೆ ಕೆರೆಯಲು ಹಿಂಬದಿಯ ಬ್ಲೇಡು ಒಳ್ಳೆಯದು. ಗುಂಡಿ ತೆಗೆಯುವ ಆಗರ್ ವರ್ಷಕ್ಕೆ ನಾಲ್ಕು ದಿನದ ಕೆಲಸ, ಬಾಡಿಗೆಗೆ ತನ್ನಿ. ಕೃಷಿ ಯಂತ್ರಧಾರೆ ಕೇಂದ್ರಗಳಿರುವುದೇ ಇದಕ್ಕೆ.

ಈಗ ಯಂತ್ರ

ನಮ್ಮ ಮಾರುಕಟ್ಟೆಯಲ್ಲಿ ಈ ಗಾತ್ರದವು ಹಲವಿವೆ. 15 ಎಚ್‌ಪಿಯ ಒಂಟಿ ಸಿಲಿಂಡರಿನ ಮಹೀಂದ್ರಾ ಯುವರಾಜ್ 215 ಸಾಗಾಟಕ್ಕೆ, ಔಷಧಿ ಸಿಂಪಡಣೆಗೆ ಸಾಕು, ಪೊದೆ ಸವರಲು ಸಾಲದು. 20ರಿಂದ 30 ಎಚ್‌ಪಿಯ ನಡುವೆ ಮಹೀಂದ್ರಾ ಜೀವೊ 245, ಕುಬೋಟಾ ನಿಯೋಸ್ಟಾರ್ ಎ211ಎನ್ ಮತ್ತು ಬಿ2441, ಸ್ವರಾಜ್ ಟಾರ್ಗೆಟ್ 630, ಜಾನ್ ಡೀರ್ 3028ಇಎನ್, 2023ರಲ್ಲಿ ಬಂದ ಮಹೀಂದ್ರಾ ಓಜಾ ಶ್ರೇಣಿಯ ಚಿಕ್ಕವು, ಬೆಂಗಳೂರಿನ ವಿಎಸ್‌ಟಿಯ ಮಾದರಿಗಳು ಸಿಗುತ್ತವೆ. ಜೀವೊ 245 ಎರಡು ಸಿಲಿಂಡರಿನದು, ಕುಬೋಟಾ ಮೂರರದು. ಮೂರಾದರೆ ಅದುರು ಕಡಿಮೆ. ಎರಡರದ್ದು ಕಡಿಮೆ ವೇಗದಲ್ಲಿ ಜಗ್ಗಿ ಎಳೆಯುತ್ತದೆ. ಯಾವುದು ಉತ್ತಮ ಎಂಬ ಜಗಳಕ್ಕೆ ಸಂಜೆಗಳೇ ಸಾಲದು. ನಿಮ್ಮೂರಿಗೆ ಹತ್ತಿರದ ಮೆಕ್ಯಾನಿಕ್‌ಗೆ ಯಾವುದು ಗೊತ್ತೋ ಅದೇ ಉತ್ತಮ. ಜುಲೈ ಮಳೆಯಲ್ಲಿ ಎಂಬತ್ತು ಕಿಲೋಮೀಟರ್ ದೂರದಿಂದ ಯಾರೂ ಬರುವುದಿಲ್ಲ.

ಬೇಕೇಬೇಕಾದದ್ದು ಫೋರ್ ವೀಲ್. ಏರುವುದಕ್ಕಿಂತ ಇಳಿಯುವುದಕ್ಕೇ ಅದು ಮುಖ್ಯ. ಈ ಟ್ರ್ಯಾಕ್ಟರುಗಳ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಮಾತ್ರ. ಇಳಿಯುವಾಗ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ, ತರಗೆಲೆಯ ಮೇಲೆ ಜಾರುತ್ತದೆ. ಫೋರ್ ವೀಲ್ ಹಾಕಿದ್ದರೆ ಆ ಬ್ರೇಕಿನ ಹಿಡಿತ ಮುಂದಿನ ಚಕ್ರಕ್ಕೂ ತಲಪುತ್ತದೆ.

ಎರಡನೆಯದು ಕ್ಲಚ್. ಒಂಟಿ ಕ್ಲಚ್ಚಿನಲ್ಲಿ ಪೆಡಲ್ ತುಳಿದರೆ ಟ್ರ್ಯಾಕ್ಟರಿನ ಜೊತೆ ಪಿಟಿಒಗೂ, ಅಂದರೆ ಸಲಕರಣೆಯನ್ನು ತಿರುಗಿಸುವ ಹಿಂಬದಿಯ ಶಾಫ್ಟಿಗೂ, ಎಂಜಿನ್ನಿನ ಬಲ ತಪ್ಪುತ್ತದೆ. ಅಷ್ಟೇ ಅಲ್ಲ, ತಿರುಗುತ್ತಿರುವ ಸ್ಲಾಷರಿನ ಭಾರವಾದ ಅಲಗುಗಳು ತಾವೇ ಶಾಫ್ಟನ್ನು ತಿರುಗಿಸಿ, ಕ್ಲಚ್ ತುಳಿದ ಮೇಲೂ ಟ್ರ್ಯಾಕ್ಟರನ್ನು ಮುಂದಕ್ಕೆ ದೂಡುತ್ತವೆ. ದರೆಯ ಅಂಚಿನಲ್ಲಿ ಇದು ಗೊತ್ತಾದರೆ ತಡವಾಯಿತು. ಜೋಡಿ ಕ್ಲಚ್ಚಿರುವ ಮಾದರಿ ನೋಡಿ. ಅದಿಲ್ಲದಿದ್ದರೆ ಪಿಟಿಒ ಶಾಫ್ಟಿಗೆ ಒಂದೇ ದಿಕ್ಕಿಗೆ ಬಲ ಬಿಡುವ ಕಪ್ಲಿಂಗ್ ಹಾಕಿಸಿಯೇ ಮನೆಗೆ ತನ್ನಿ.

ಎಚ್‌ಪಿಯ ಮಾತು ಈಗ. ಜಾಹೀರಾತಿನ ಸಂಖ್ಯೆ ಎಂಜಿನ್ನಿನದು. ಸಲಕರಣೆಗೆ ಸಿಗುವುದು ಪಿಟಿಒ ಎಚ್‌ಪಿ, ಕಡಿಮೆಯೇ ಇರುತ್ತದೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಪ್ರತಿ ಮಾದರಿಯ ವರದಿಯಲ್ಲಿ ಇದನ್ನೂ ಲಿಫ್ಟ್ ಎತ್ತುವ ತೂಕವನ್ನೂ ಅಳೆದು ಬರೆದಿರುತ್ತದೆ. ಅಂಗಡಿಯಲ್ಲಿ 'ಬುದ್ನಿ ವರದಿ ಕೊಡಿ' ಎಂದು ಕೇಳಿ. ಕೇಳಿದ ಮೇಲೆ ನಿಮ್ಮೊಡನೆ ಮಾತನಾಡುವ ಧಾಟಿಯೇ ಬದಲಾಗುತ್ತದೆ.

ತಲೆಯ ಮೇಲೆ ಕಬ್ಬಿಣದ ಕಮಾನು ಮತ್ತು ಸೀಟ್ ಬೆಲ್ಟ್ ಇರುವ ಮಾದರಿಯನ್ನೇ ಆರಿಸಿ. ಕೊಂಬೆಗೆ ತಾಗುತ್ತದೆಂದು ಕಮಾನು ಬಿಚ್ಚಿ ಕೊಟ್ಟಿಗೆಯಲ್ಲಿಟ್ಟವರಿದ್ದಾರೆ. ಕೊಂಬೆ ಕಡಿಯಿರಿ, ಕಮಾನಿರಲಿ.

ದುಡ್ಡು, ಕಾಗದ

22 ಸೆಪ್ಟೆಂಬರ್ 2025ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ, ಟೈರು ಮತ್ತು ಹಲವು ಬಿಡಿಭಾಗಗಳದ್ದು 18ರಿಂದ 5ಕ್ಕೆ. ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ. ಸಬ್ಸಿಡಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ತೋಟಗಾರಿಕೆ ಇಲಾಖೆಯಲ್ಲೂ ಕೇಳಿ. ಎರಡೂ ಕಡೆ ಬೇರೆ ಬೇರೆ ಯೋಜನೆಗಳಿವೆ. ರೈತರ ಹೆಸರು, ಜಮೀನು ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದ ನೋಂದಣಿ ಸಂಖ್ಯೆ, ಅಂದರೆ ಎಫ್‌ಐಡಿ, ಇಲ್ಲದೆ ಯಾವುದೂ ಮುಂದೆ ಹೋಗುವುದಿಲ್ಲ. ಅದರಲ್ಲಿ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ನೋಡಿಕೊಳ್ಳಿ. ಮಂಜೂರಾತಿ ಕೈಗೆ ಬರುವ ಮೊದಲು ಮುಂಗಡ ಕೊಟ್ಟು ಯಂತ್ರ ತಂದರೆ ಸಬ್ಸಿಡಿ ಕೈತಪ್ಪುತ್ತದೆ.

ಸಾಲಕ್ಕೆ ಮೊದಲು ಊರಿನ ಸೊಸೈಟಿಯ ದರ ಕೇಳಿ, ಆಮೇಲೆ ಬ್ಯಾಂಕಿನದು, ಕೊನೆಗೆ ಅಂಗಡಿಯವರು ಪರಿಚಯಿಸುವ ಫೈನಾನ್ಸಿನದು. ಟ್ರೇಲರಿಗೆ ಬೇರೆಯೇ ನೋಂದಣಿ ಬೇಕು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು, ಕೆಲಸದವರನ್ನು ಅದರಲ್ಲಿ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವುದು ಅದನ್ನೇ.

ಹಳೆಯದನ್ನು ಕೊಳ್ಳುವುದಾದರೆ ಬೆಳಿಗ್ಗೆ ಬೇಗ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಇದೆ. ಲಿಫ್ಟಿಗೆ ಭಾರದ ಸಲಕರಣೆ ಕಟ್ಟಿ, ಮೇಲೆತ್ತಿ, ಎಂಜಿನ್ ನಿಲ್ಲಿಸಿ ಒಂದು ಲೋಟ ಚಹಾ ಕುಡಿಯಿರಿ. ಚಹಾ ಮುಗಿಯುವುದರೊಳಗೆ ಸಲಕರಣೆ ನೆಲ ಮುಟ್ಟಿದ್ದರೆ ಹೈಡ್ರಾಲಿಕ್ ಸೀಲು ಹೋಗಿದೆ. ಮುಂದಿನ ಅಚ್ಚಿನ ಎರಡೂ ತುದಿಯಲ್ಲಿ ಎಣ್ಣೆ ಜಿನುಗುತ್ತಿದೆಯೇ ಎಂದು ಬೆರಳಿಟ್ಟು ನೋಡಿ. ಕಾಗದದಲ್ಲಿ ಸಾಲದ ನಮೂದು ಉಳಿದಿದ್ದರೆ ನಿರಾಕ್ಷೇಪಣಾ ಪತ್ರ ಬರುವವರೆಗೆ ದುಡ್ಡು ಕೊಡಬೇಡಿ.

ಬೆಟ್ಟಕ್ಕೆ ಇಳಿಸುವ ಮುನ್ನ

ಹೊಸ ಟ್ರ್ಯಾಕ್ಟರು ತಯಾರಾಗಿರುವುದು ಹೊಲಕ್ಕೆ, ಕಾಡಿಗಲ್ಲ. ಅದರ ಹೊಟ್ಟೆಯ ಕೆಳಗೆ ಡೀಸೆಲ್ ಪೈಪು, ಹೈಡ್ರಾಲಿಕ್ ಪೈಪು, ಫಿಲ್ಟರು ಬರಿಮೈಯಲ್ಲಿರುತ್ತವೆ. ನುಗ್ಗಿದ ಒಂದು ಕೋಲು ಸಾಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ತಗಡು ಹಾಕಿಸಿ, ಎಣ್ಣೆ ಬಸಿಯುವಲ್ಲಿ ತೂತು ಬಿಡಿಸಿ. ಟೈರಿನ ವಾಲ್ವಿಗೂ ಒಂದು ತಗಡಿನ ಮರೆ ಬೇಕು.

ಟೈರಿನ ದೊಡ್ಡ ಶತ್ರು ಕೂಳೆ. ಕತ್ತಿಯಿಂದ ಓರೆಯಾಗಿ ಕಡಿದ ಬಿದಿರು, ಲಂಟಾನದ ಕೂಳೆ ಒಣಗಿದರೆ ಭರ್ಜಿಯೇ ಸರಿ. ಯಂತ್ರ ಹೋಗುವ ಜಾಗದಲ್ಲಿ ಕಡಿಯುವವರಿಗೆ ನೆಲಮಟ್ಟಕ್ಕೆ, ಅಡ್ಡಲಾಗಿ ಕಡಿಯಲು ಹೇಳಿ.

ಸವರುವ ದಿನ ಮೊದಲು ನಡೆದು ನೋಡಿ. ಪೊದೆಯೊಳಗೆ ಹುತ್ತ, ಕಲ್ಲು ತೆಗೆದ ಹಳೆಯ ಗುಂಡಿ, ಮುಚ್ಚಿಹೋದ ಅಗಳು, ಕಣಜದ ಗೂಡು ಇರುತ್ತವೆ. ನಾನು ಉದ್ದನೆಯ ಕೋಲುಗಳಿಗೆ ಹಳೆಯ ಪಂಚೆಯ ಚೂರು ಕಟ್ಟಿ ನೆಡುತ್ತಾ ಹೋಗುತ್ತೇನೆ. ಪಂಚೆಗೆ ಇದಕ್ಕಿಂತ ಸುರಕ್ಷಿತ ಉಪಯೋಗವಿಲ್ಲ. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಹೆಗಲ ಮೇಲಿನ ಟವೆಲ್ಲೋ ಉಟ್ಟ ಪಂಚೆಯ ಅಂಚೋ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿಲ್ಲ. ಪ್ಯಾಂಟು, ಬೂಟು ಹಾಕಿ. ಶಾಫ್ಟಿನ ಪ್ಲಾಸ್ಟಿಕ್ ಹೊದಿಕೆ ಒಡೆದರೆ ಹೊಸದು ಹಾಕುವವರೆಗೆ ಕೆಲಸ ನಿಲ್ಲಿಸಿ. ಸ್ಲಾಷರಿನ ಹಿಂದೆ ಕಲ್ಲು ಗುಂಡಿನಂತೆ ಹಾರುತ್ತದೆ. ಮಕ್ಕಳು, ದನ, ನಾಯಿ ಹತ್ತಿರ ಸುಳಿಯಬಾರದು.

ಇಳಿಜಾರಿನಲ್ಲಿ ನೇರ ಮೇಲೆ ಕೆಳಗೆ ಓಡಿಸಿ, ಅಡ್ಡಕ್ಕೆ ಬೇಡ. ಇಳಿಯುವ ಮೊದಲೇ ಕಡಿಮೆ ಗೇರು ಹಾಕಿ, ನಡುವೆ ಕ್ಲಚ್ ಮುಟ್ಟಬೇಡಿ. ಎಡ ಬಲದ ಬ್ರೇಕ್ ಪೆಡಲುಗಳ ಕೊಂಡಿ, ತೀರಾ ಇಕ್ಕಟ್ಟಿನಲ್ಲಿ ತಿರುಗಿಸುವಾಗಲ್ಲದೆ, ಯಾವಾಗಲೂ ಹಾಕಿಯೇ ಇರಲಿ.

ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಡಿ. ಒಣಹುಲ್ಲು ಸವರುವಾಗ ಹಾರುವ ಹೊಟ್ಟು, ಕಮ್ಯುನಿಸ್ಟ್ ಗಿಡದ ಹತ್ತಿಯಂಥ ಬೀಜ ರೇಡಿಯೇಟರಿನ ಜಾಲರಿಗೆ ಕಂಬಳಿಯಂತೆ ಅಂಟುತ್ತವೆ. ಮೊದಲ ವರ್ಷ ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ ಜಾಲರಿ ಹೊರಗೆಳೆದು ಬಡಿಯಬೇಕಾಗುತ್ತಿತ್ತು. ಸೈಲೆನ್ಸರಿನ ಬಳಿ ಸಿಕ್ಕಿಕೊಂಡ ಹುಲ್ಲನ್ನೂ ತೆಗೆಯಿರಿ, ಮಾರ್ಚಿಯಲ್ಲಿ ಬೆಂಕಿಗೆ ಅಷ್ಟೇ ಸಾಕು.

ವರ್ಷದ ಓಟ

ಮಳೆ ನಿಂತು ನೆಲ ಗಟ್ಟಿಯಾದ ಮೇಲೆ, ನವೆಂಬರಿನಲ್ಲಿ, ಕಮ್ಯುನಿಸ್ಟ್ ಗಿಡ ಹೂ ಬಿಡುವ ಮೊದಲು ಒಂದು ಸಲ ಸವರಬೇಕು. ಬೀಜವಾದ ಮೇಲೆ ಸವರಿದರೆ ಯಂತ್ರವೇ ಬಿತ್ತನೆ ಮಾಡಿದಂತೆ. ಲಂಟಾನ ಬರೀ ಸವರಿದರೆ ಸಾಯುವುದಿಲ್ಲ, ಬುಡದಿಂದ ಇಮ್ಮಡಿ ಚಿಗುರುತ್ತದೆ. ಸವರಿ ದಾರಿಯಾದ ಮೇಲೆ ಪಿಕಾಸಿ ಹಿಡಿದು, ಮಣ್ಣಿನೊಳಗೆ ಎರಡು ಬೆರಳು ಕೆಳಗೆ ತಾಯಿಬೇರನ್ನು ಕಡಿದು, ಬುಡ ತಲೆಕೆಳಗಾಗಿ ಒಣಗಲು ಬಿಡಬೇಕು. ಕೊಚ್ಚಿದ ಸೊಪ್ಪನ್ನು ಸುಡದೆ ಅಲ್ಲೇ ಬಿಡಿ, ಇಲ್ಲವೇ ತೋಟದ ಬುಡಕ್ಕೆ ಸಾಗಿಸಿ. ಫೆಬ್ರವರಿಯಲ್ಲಿ ಗಡಿಯುದ್ದಕ್ಕೂ ಬ್ಲೇಡಿನಿಂದ ಬೆಂಕಿರೇಖೆ. ಏಪ್ರಿಲ್, ಮೇ ಗೊಬ್ಬರ, ಮಣ್ಣು, ಸೌದೆ ಸಾಗಾಟ. ಹಗುರ ಕೆಲಸಕ್ಕೆ ಗಂಟೆಗೆ ಎರಡು ಲೀಟರ್ ಡೀಸೆಲ್, ಸ್ಲಾಷರ್ ಜಗ್ಗಿದರೆ ಮೂರರ ಆಸುಪಾಸು. ಮೊದಲ 50 ಗಂಟೆಗೆ ಬರುವ ಸರ್ವಿಸ್ ತಪ್ಪಿಸಬೇಡಿ. ಹೊಸ ಗೇರುಗಳು ಸವೆದ ಕಬ್ಬಿಣದ ಪುಡಿ ಆ ಎಣ್ಣೆಯಲ್ಲೇ ಇರುತ್ತದೆ.

ಜೂನ್ ಬಂದರೆ ಬೆಟ್ಟಕ್ಕೆ ಇಳಿಸಬೇಡಿ. ಒದ್ದೆ ಮಣ್ಣು ಟನ್ ಭಾರಕ್ಕೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಚಕ್ರದ ಜಾಡೇ ಮುಂದೆ ಕೊರಕಲಾಗುತ್ತದೆ. ಸ್ಲಾಷರ್ ತೊಳೆದು, ಅಲಗಿಗೆ ಹಳೆಯ ಎಂಜಿನ್ ಎಣ್ಣೆ ಬಳಿದು, ಹಲಗೆಯ ಮೇಲಿಡಿ. ಡೀಸೆಲ್ ಟ್ಯಾಂಕ್ ತುಂಬಿಸಿಡಿ, ಅರ್ಧ ಖಾಲಿ ಟ್ಯಾಂಕಿನೊಳಗೆ ನಮ್ಮ ಮಳೆಗಾಲದ ತೇವ ನೀರಾಗಿ ಇಳಿಯುತ್ತದೆ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ಹದಿನೈದು ದಿನಕ್ಕೊಮ್ಮೆ ಜೋಡಿಸಿ ಚಾಲೂ ಮಾಡಿ. ಚಾಲೂ ಮಾಡುವ ಮುನ್ನ ಬಾನೆಟ್ ಎತ್ತಿ ನೋಡಿ. ಬೆಚ್ಚಗಿನ ಎಂಜಿನ್ನಿನ ಪಕ್ಕ ಇಲಿಗಳು ಅಡಿಕೆ ಸಿಪ್ಪೆ ತಂದು ಗೂಡು ಕಟ್ಟಿರುತ್ತವೆ, ನಮ್ಮ ಟ್ರ್ಯಾಕ್ಟರಿನಲ್ಲಿ ಮೊದಲ ಮಳೆಗಾಲಕ್ಕೇ ದೀಪದ ತಂತಿಯನ್ನೂ ತಿಂದು ಮುಗಿಸಿದ್ದವು.